‘ನೋವಿದೆಯಾ?’ ಅಂತ ಮೊದಲು ಕೇಳಬೇಡಿ

ಆರೋಗ್ಯ ಉಪಕೇಂದ್ರದ ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಕೆಲಸ ಕೆಡಿಸುವ ಮೊದಲ ಪ್ರಶ್ನೆ ಇದೇ. ಸ್ತನ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವನ್ನೇ ವಿಚಾರಿಸಿದರೆ ‘ನೋವಿಲ್ಲ, ಅಂದ್ಮೇಲೆ ಏನೂ ಇಲ್ಲ’ ಎಂದು ಎದ್ದು ಹೋಗುತ್ತಾರೆ. ಸ್ನಾನ ಮಾಡುವಾಗ ಕೈಗೆ ಗಂಟು ಸಿಕ್ಕಿತ್ತಾ, ತೊಟ್ಟು ಒಳಕ್ಕೆ ಎಳೆದುಕೊಂಡಿದೆಯಾ, ಹಾಲಲ್ಲದೆ ರಕ್ತವೇನಾದರೂ ಬಂತಾ ಎಂದು ಕೇಳಿ. ‘ಸ್ತನ’ ಫಾರ್ಮಿನ ಮಾತು. ‘ಎದೆ ಪರೀಕ್ಷೆ’ ಅಂದರೆ ಇಸಿಜಿ ಅಂದುಕೊಳ್ಳುವವರಿದ್ದಾರೆ. ‘ಹಾಲು ಕುಡಿಸುವ ಜಾಗ’ ಅಂದರೆ ಸಾಕು.

ಬೇಡ ಅಂದವರನ್ನು ‘ತಿಳಿವಳಿಕೆ ಇಲ್ಲ’ ಎಂದು ಬರೆಯುವ ಮೊದಲು ಕೋಣೆ ನೋಡಿ. ಒಳಗಡೆ ಚಿಲಕ, ಕಿಟಕಿಗೆ ಪರದೆ, ಪರೀಕ್ಷಿಸಲು ಹೆಣ್ಣುಮಗಳು: ಇವಿಲ್ಲದಿದ್ದರೆ ಯಾರು ರವಿಕೆ ಬಿಚ್ಚುತ್ತಾರೆ? ಒಂದು ಕಡೆ ನೋಡುವಾಗ ಇನ್ನೊಂದು ಕಡೆಗೆ ಸೆರಗಿರಲಿ. ಕೈ ತಣ್ಣಗಿದ್ದರೆ ಉಜ್ಜಿಕೊಳ್ಳಿ.

ಮುಟ್ಟು ನಿಲ್ಲದವರಿಗೆ, ಮುಟ್ಟು ಶುರುವಾಗಿ 7ರಿಂದ 10ನೇ ದಿನ ಒಳ್ಳೆಯದು. ಅದಕ್ಕೆ ಮೊದಲು ಊತದಿಂದ ಎಲ್ಲೆಲ್ಲೂ ಗಂಟಿದ್ದಂತೆ ತೋರುತ್ತದೆ. ಕೂರಿಸಿ, ಕೈಯನ್ನು ಸೊಂಟಕ್ಕೆ ಒತ್ತಿಸಿ, ಆಮೇಲೆ ಮೇಲೆತ್ತಿಸಿ ನೋಡಿ: ಚರ್ಮದಲ್ಲಿ ಗುಳಿ ಅಥವಾ ಕಿತ್ತಳೆ ಸಿಪ್ಪೆಯಂಥ ತರಿ ಆಗಲೇ ಕಾಣುವುದು. ಮಲಗಿಸಿ, ಭುಜದಡಿ ಮಡಿಸಿದ ಟವೆಲ್ ಇಟ್ಟು, ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗದಿಂದ ಸಣ್ಣ ಸುತ್ತು ಹಾಕುತ್ತಾ ಹೋಗಿ, ತುದಿಯಿಂದ ಚುಚ್ಚಬೇಡಿ. ಪ್ರತಿ ಜಾಗದಲ್ಲೂ ಹಗುರ, ಮಧ್ಯಮ, ಗಟ್ಟಿ ಒತ್ತಡ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಉಳುವ ಸಾಲಿನಂತೆ. ಕಂಕುಳು, ಕೊರಳೆಲುಬಿನ ಮೇಲ್ಭಾಗ ಬಿಡಬೇಡಿ.

ಒಬ್ಬರಿಗೆ 8 ನಿಮಿಷ ಹಿಡಿದರೂ 3 ಗಂಟೆಯಲ್ಲಿ 22 ಜನ. ಬೆಳಗಿನ ಕ್ಯಾಂಪಿನಲ್ಲಿ 60 ಹೆಸರು ತುಂಬಿದರೆ, ಬಾಯಲ್ಲಿ ಕೇಳಿ ‘ನಾರ್ಮಲ್’ ಬರೆದದ್ದೇ ಹೆಚ್ಚು. ಕೈಪರೀಕ್ಷೆ ವ್ಯರ್ಥವಲ್ಲ: ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1,51,538 ಮಹಿಳೆಯರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದಾಗ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಶೇ. 30 ಕಡಿಮೆಯಾಗಿತ್ತು. 50ರ ಒಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ. ಅಲ್ಲಿ ಪರೀಕ್ಷಿಸಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು.

ಗಂಟು ಸಿಕ್ಕಿದ ಮೇಲೆ ಕೈತಪ್ಪುವವರೇ ನಮ್ಮ ದೊಡ್ಡ ಚಿಂತೆ. ‘ದೊಡ್ಡಾಸ್ಪತ್ರೆಗೆ ಹೋಗಿ’ ಅಂದರೆ ಯಾರೂ ಹೋಗುವುದಿಲ್ಲ. ಯಾವ ವಾರ, ಎಷ್ಟನೇ ಕೋಣೆ, ಒಯ್ಯಬೇಕಾದ ಆಧಾರ್ ಮತ್ತು ರೇಷನ್ ಕಾರ್ಡ್ ಎಲ್ಲವನ್ನೂ ಚೀಟಿಯಲ್ಲಿ ಬರೆಯಿರಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಪರೀಕ್ಷೆಗೆಂದು ಗಂಟಿಗೆ ಸೂಜಿ ಹಾಕಿದರೆ ರೋಗ ಹರಡುವುದಿಲ್ಲ ಎಂಬೆರಡನ್ನು ಅಲ್ಲೇ ಹೇಳಿಬಿಡಿ. ವಾರದ ನಂತರ ಆಶಾ ಕಾರ್ಯಕರ್ತೆ ವಿಚಾರಿಸಲು ಹೋದಾಗ ಅತ್ತೆ ಎದುರಿಗಿದ್ದರೆ ಬಿಪಿ, ಶುಗರ್ ಮಾತಾಡಿ ಬರಲಿ. ಗಂಟಿನ ವಿಷಯ ಆಕೆ ಒಬ್ಬಳೇ ಸಿಕ್ಕಾಗ.