ಪ್ಯಾರಿಸ್‌ನಿಂದ ರೋಮ್‌ಗೆ: ಟಿಕೆಟ್‌ನಲ್ಲಿ 2 ಗಂಟೆ, ದಾರಿಯಲ್ಲಿ ಅರ್ಧ ದಿನ

ಪ್ಯಾರಿಸ್‌ನಿಂದ ರೋಮ್‌ಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 1,100 ಕಿ.ಮೀ. ಮುಂಬೈ–ದೆಹಲಿ ಅಂತರ ಅಂದುಕೊಳ್ಳಿ. ರಸ್ತೆಯಲ್ಲಾದರೆ 1,400 ಕಿ.ಮೀ. ದಾಟುತ್ತದೆ. ನೇರ ವಿಮಾನಕ್ಕೆ ಟಿಕೆಟ್‌ನಲ್ಲಿ ತೋರಿಸುವ ಸಮಯ 2 ಗಂಟೆಯ ಆಸುಪಾಸು. ಎರಡೂ ಊರಿನ ಗಡಿಯಾರ ಒಂದೇ, ಹಾಗಾಗಿ ಲೆಕ್ಕ ಸುಲಭ. ಲಂಡನ್‌ಗೆ ಹೋಗುವಾಗ ಹಾಗಲ್ಲ, ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ.

ಆದರೆ ಆ 2 ಗಂಟೆ ನಂಬಿ ಮಧ್ಯಾಹ್ನಕ್ಕೆ ಕೊಲೋಸಿಯಂ ಟಿಕೆಟ್ ಬುಕ್ ಮಾಡಬೇಡಿ. ಅಪ್ಪ ಅಮ್ಮನ ಜೊತೆ ನಾವು ಹೋದಾಗ ಪ್ಯಾರಿಸ್‌ನ ಹೋಟೆಲ್ ಬಿಟ್ಟಿದ್ದು ಬೆಳಗ್ಗೆ 7ಕ್ಕೆ, ರೋಮ್‌ನ ಹೋಟೆಲ್ ಸೇರಿದ್ದು ಮಧ್ಯಾಹ್ನ 2 ದಾಟಿದ ಮೇಲೆ. ವಿಮಾನ ತಡವಾಗಿರಲಿಲ್ಲ, ಸಮಯವೆಲ್ಲ ನೆಲದ ಮೇಲೆಯೇ ಹೋಯಿತು.

ಅದಕ್ಕೇ ದರ ನೋಡುವ ಮೊದಲು ಯಾವ ಏರ್‌ಪೋರ್ಟ್ ಅಂತ ನೋಡಿ. ಷಾರ್ಲ್ ದ ಗಾಲ್ ಏರ್‌ಪೋರ್ಟ್‌ಗೆ ಪ್ಯಾರಿಸ್‌ನ ಗಾರ್ ದು ನಾರ್ ಸ್ಟೇಷನ್‌ನಿಂದ ಆರ್‌ಇಆರ್ ಬಿ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಅಲ್ಲಿ ರೈಲಿಗೆ ಎರಡು ನಿಲ್ದಾಣಗಳಿವೆ. ಟರ್ಮಿನಲ್ 1 ಮತ್ತು 3ಕ್ಕೆ ಮೊದಲನೆಯದು, ಟರ್ಮಿನಲ್ 2ಕ್ಕೆ ಕೊನೆಯದು. ಟರ್ಮಿನಲ್ 2 ಅಂದರೂ ಅದರೊಳಗೆ ಎ, ಬಿ, ಸಿ ಅಂತ ಭಾಗಗಳಿವೆ, ವಯಸ್ಸಾದವರಿಗೆ ನಡಿಗೆ ಜಾಸ್ತಿಯೇ. ಓರ್ಲಿ ಏರ್‌ಪೋರ್ಟ್ ಪ್ಯಾರಿಸ್ ಊರಿಗೆ ಹತ್ತಿರ. 2024ರಿಂದ ಮೆಟ್ರೋ 14 ಅಲ್ಲಿಯವರೆಗೂ ಓಡುತ್ತದೆ, ನನ್ನ ಮಟ್ಟಿಗೆ ಅದೇ ಸುಖ. ಬೋವೆ ಏರ್‌ಪೋರ್ಟ್ ಅನ್ನೋದು ಹೆಸರಿಗಷ್ಟೇ ಪ್ಯಾರಿಸ್, ಊರಿನಿಂದ 80 ಕಿ.ಮೀ.ಗೂ ದೂರ. ಅಗ್ಗದ ಟಿಕೆಟ್ ಅಲ್ಲಿಂದ ಸಿಕ್ಕರೆ ಬಸ್ ಖರ್ಚು, ಬ್ಯಾಗಿನ ದುಡ್ಡು ಎಲ್ಲ ಕೂಡಿಸಿ ನೋಡಿ. ಎಷ್ಟೋ ಸಲ ಉಳಿಯೋದು ಏನೂ ಇಲ್ಲ.

ರೋಮ್‌ನಲ್ಲಿ ಹೆಚ್ಚಿನ ವಿಮಾನಗಳು ಇಳಿಯೋದು ಫ್ಯೂಮಿಚಿನೋದಲ್ಲಿ, ಊರಿಗೆ 30 ಕಿ.ಮೀ. ಲಿಯೊನಾರ್ದೊ ಎಕ್ಸ್‌ಪ್ರೆಸ್ ರೈಲು ಎಲ್ಲೂ ನಿಲ್ಲದೆ 32 ನಿಮಿಷದಲ್ಲಿ ರೋಮ್‌ನ ಮುಖ್ಯ ತೆರ್ಮಿನಿ ಸ್ಟೇಷನ್‌ಗೆ ಬಿಡುತ್ತದೆ. ನಾವು ಹೋದಾಗ ತಲೆಗೆ 14 ಯುರೋ ಇತ್ತು. ಹೋಟೆಲ್ ರೋಮ್‌ನ ತ್ರಾಸ್ತೆವೆರೆ ಬಡಾವಣೆ ಕಡೆ ಇದ್ದರೆ ಎಫ್‌ಎಲ್1 ಲೋಕಲ್ ರೈಲು ಹಿಡಿಯಿರಿ, ಅಗ್ಗವೂ ಹೌದು, ಸುಮ್ನೆ ತೆರ್ಮಿನಿಗೆ ಹೋಗಿ ವಾಪಸ್ ಬರೋ ತಾಪತ್ರಯವೂ ಇಲ್ಲ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಇದ್ದರೆ ಟ್ಯಾಕ್ಸಿಯೇ ಸರಿ. ಹಳೇ ಕೋಟೆಗೋಡೆಯ ಒಳಗಿನ ಊರಿಗೆ ನಗರಪಾಲಿಕೆಯೇ ದರ ಗೊತ್ತು ಮಾಡಿದೆ. ಹತ್ತುವ ಮೊದಲು ಆ ದರ ಕೇಳಿ ಖಚಿತ ಮಾಡಿಕೊಳ್ಳಿ.

ರೈಲಲ್ಲಿ ಹೋಗಬಹುದಾ ಅಂತ ಕೇಳುವವರಿದ್ದಾರೆ. ಹೋಗಬಹುದು, ಆದರೆ ಮಿಲಾನ್‌ಗೇ ಸುಮಾರು 7 ಗಂಟೆ, ಅಲ್ಲಿಂದ ರೋಮ್‌ಗೆ ಇನ್ನೂ 3 ಗಂಟೆ. ಮಿಲಾನ್‌ನಲ್ಲಿ ಒಂದು ರಾತ್ರಿ ಉಳಿಯೋ ಯೋಚನೆ ಇದ್ದರೆ ಮಾತ್ರ ಈ ದಾರಿ ಚೆಂದ. ಆಲ್ಪ್ಸ್ ಕಣಿವೆಯ ನಡುವೆ ಹೋಗುತ್ತದೆ ಅಲ್ವಾ! ವಿಮಾನದಲ್ಲೂ ಮೋಡ ಇಲ್ಲದ ದಿನ ಹಿಮದ ಬೆಟ್ಟಗಳು ಕಾಣುತ್ತವೆ, ಕಿಟಕಿ ಸೀಟು ತಗೊಳ್ಳಿ.

ಎರಡೂ ದೇಶ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೇ ಇರೋದರಿಂದ ಬೇರೆ ವೀಸಾ ಬೇಡ, ಸಾಮಾನ್ಯವಾಗಿ ಇಮಿಗ್ರೇಷನ್ ಸಾಲೂ ಇಲ್ಲ. ಆದರೂ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ಕೇಳುತ್ತಾರೆ. ಇನ್ನು ಉಪ್ಪಿನಕಾಯಿ, ತುಪ್ಪದ ಡಬ್ಬಿ ಇದ್ದರೆ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿಟ್ಟರೆ ಸೆಕ್ಯೂರಿಟಿಯಲ್ಲಿ ಕಸದಬುಟ್ಟಿ ಸೇರಬಹುದು.