ಚಕ್ಕೋತದ ಸೀಸನ್: ಇಲ್ಲಿಯವರೆಗಿನ ಕಥೆ

ಈ ಸಲ ಒಂದೇ ಹಟ. ಚಕ್ಕೋತ ಎಂದರೆ ಮೂಗು ಮುರಿಯುವ ನಮ್ಮನೆಯವರಿಗೆ ಅದನ್ನು ತಿನ್ನಿಸಬೇಕು. "ಕಹಿ, ಆಮೇಲೆ ಬಿಡಿಸೋರು ಯಾರು?" ಎನ್ನುವುದು ಅವರ ಹಳೇ ರಾಗ. ಆದರೆ ಕಹಿ ಜಾಸ್ತಿ ಇರುವುದು ಬಿಳಿ ಸಿಪ್ಪೆಯಲ್ಲಿ ಮತ್ತು ತೊಳೆಯ ಮೇಲಿನ ಪೊರೆಯಲ್ಲಿ. ಅಲ್ಲಿರುವ ನರಿಂಜಿನ್ ಎಂಬ ಕಹಿ ಅಂಶ ಅದಕ್ಕೆ ಕಾರಣ. ಪೊರೆ ಸರಿಯಾಗಿ ತೆಗೆದರೆ ಅರ್ಧ ಜಗಳ ಮುಗಿದಂತೆ.

ಹಬ್ಬದ ವಾರ: ಆರಿಸುವುದು

ದೇವನಹಳ್ಳಿ ಚಕ್ಕೋತವೇ ಬೇಕು ಅಂತ ಹುಡುಕಿದೆ. ಜಿಐ ಟ್ಯಾಗ್ (ಆ ಊರಿನ ವಿಶೇಷ ಎಂಬ ಸರ್ಕಾರಿ ಗುರುತು) ಇರುವ ಹಣ್ಣು, ಒಳಗೆ ಗುಲಾಬಿ ಬಣ್ಣ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಸುತ್ತಮುತ್ತಲಿನ ಜಮೀನೆಲ್ಲ ಸೈಟುಗಳಾಗುತ್ತಾ ಹೋದವು, ಚಕ್ಕೋತದ ಮರಗಳೂ ಕಮ್ಮಿಯಾದವು. ಹಾಗಾಗಿ ಗಾಡಿಯವರು "ದೇವನಹಳ್ಳಿದೇ ಸಾರ್" ಅಂದ ಮಾತ್ರಕ್ಕೆ ನಾನು ಒಪ್ಪುವುದಿಲ್ಲ. ಕೈ ಏನು ಹೇಳುತ್ತದೋ ಅದೇ ಲೆಕ್ಕ.

ಒಂದೇ ಗಾತ್ರದ ಎರಡು ಹಣ್ಣು ಎತ್ತಿ, ಭಾರ ಇರುವುದನ್ನು ಇಟ್ಟುಕೊಳ್ಳಿ. ದೊಡ್ಡದು ಕಂಡ ಕೂಡಲೇ ಆಸೆ ಪಡಬೇಡಿ. ಎಷ್ಟೋ ಸಲ ಅದರಲ್ಲಿ ಸಿಪ್ಪೆಯೇ ಜಾಸ್ತಿ. ಹಸಿರು ಹೋಗಿ ಹಳದಿಗೆ ತಿರುಗುತ್ತಿರಬೇಕು, ತೊಟ್ಟಿನ ಹತ್ತಿರ ಮೂಸಿದರೆ ಘಮ ಬರಬೇಕು. ಒತ್ತಿದಾಗ ಮೆತ್ತಗೆ ಕುಸಿದರೆ ಬೇಡ.

ಮರುವಾರ: ಕಾಯುವುದು

ತಂದ ದಿನವೇ ಒಂದನ್ನು ಬಿಡಿಸಿದೆವು. ಚೆನ್ನಾಗೇ ಇತ್ತು, ಹುಳಿ ಮುಂದಿತ್ತು. ಉಳಿದವನ್ನು ಗಾಳಿಯಾಡುವ ಕಡೆ ಸುಮ್ನೆ ಇಟ್ಟೆ. ಸಿಪ್ಪೆ ದಪ್ಪ ಇರುವುದರಿಂದ ಬೇಗ ಕೆಡುವ ಹಣ್ಣಲ್ಲ ಇದು. ಮೇಲೆ ಸ್ವಲ್ಪ ಸುಕ್ಕು ಬಂದ ಮೇಲೆ ಕತ್ತರಿಸಿದರೆ ಹುಳಿ ಇಳಿದಿತ್ತು, ಸಿಹಿ ಎದ್ದು ಕಾಣುತ್ತಿತ್ತು. ಫ್ರಿಜ್ಜಿಗೆ ಬಿಡಿಸಿಟ್ಟ ತೊಳೆ ಮಾತ್ರ ಹೋಗಲಿ.

ಬಿಡಿಸುವುದು

ನಿಧಾನ ಬೇಕಾದದ್ದು ಇಲ್ಲೇ. ಮೇಲಿನ ತಲೆ ಹಾರಿಸಿ, ಅಲ್ಲಿಂದ ಕೆಳಗಿನವರೆಗೆ ಉದ್ದಕ್ಕೆ ಗೀರು ಹಾಕಬೇಕು. ಚಾಕು ತೊಳೆಗೆ ತಾಗಬಾರದು. ಗೀರಿನೊಳಗೆ ಹೆಬ್ಬೆರಳು ತೂರಿಸಿ ಎಳೆದರೆ ಸಿಪ್ಪೆ ಬಿಳಿ ಭಾಗದ ಸಮೇತ ಸ್ಪಂಜಿನ ಹಾಗೆ ಕಿತ್ತು ಬರುತ್ತದೆ. ಗುಂಡನ್ನು ಎರಡು ಹೋಳು ಮಾಡಿ ತೊಳೆ ಬೇರೆ ಮಾಡಿ. ಬೀಜ ಇರುವ ಚೂಪು ಅಂಚನ್ನು ಕತ್ತರಿಯಿಂದ ಕತ್ತರಿಸಿ, ಪೊರೆಯನ್ನು ಎರಡೂ ಕಡೆಗೆ ಹಿಂದಕ್ಕೆ ಮಡಚಿ. ರಸದ ಕಾಳುಗಳು ಒಡೆಯದೆ ಒಂದಕ್ಕೊಂದು ಅಂಟಿಕೊಂಡು ಈಚೆ ಬರುತ್ತವೆ. ಕಿತ್ತಳೆಯ ಥರ ಕೈಗೆ ರಸ ಸೋರುವುದಿಲ್ಲ. ಟಿವಿ ಮುಂದೆ ಕೂತು ಮಾಡುವ ಕೆಲಸ ಇದು, ಆತುರದ್ದಲ್ಲ.

ತಿನ್ನುವುದು

ಉಪ್ಪು, ಖಾರದ ಪುಡಿ ಉದುರಿಸಿದ ಬಟ್ಟಲು ಮಕ್ಕಳ ಕೈಯಲ್ಲಿ ಖಾಲಿಯಾಯಿತು. ನನಗೆ ಹಿಡಿಸಿದ್ದು ಕೋಸಂಬರಿ: ಬಿಡಿಸಿದ ಚಕ್ಕೋತ, ತೆಂಗಿನತುರಿ, ಹಸಿಮೆಣಸು, ಕೊತ್ತಂಬರಿ, ಮೇಲೆ ಸಾಸಿವೆ ಇಂಗಿನ ಒಗ್ಗರಣೆ. ಒಗ್ಗರಣೆ ಆರಿದ ಮೇಲೆ ಸುರಿಯಬೇಕು, ಉಪ್ಪು ಬಡಿಸುವ ಮುಂಚೆ ಹಾಕಬೇಕು. ಮೊದಲೇ ಹಾಕಿದರೆ ನೀರು ಬಿಡುತ್ತದೆ. ಥಾಯ್ಲೆಂಡಿನವರು ಇದೇ ಹಣ್ಣಿಗೆ ಹುರಿದ ತೆಂಗಿನತುರಿ, ಕಡಲೆಬೀಜ, ಸೀಗಡಿ ಸೇರಿಸುತ್ತಾರೆ. ಸೀಗಡಿ ಬಿಟ್ಟು ಉಳಿದದ್ದು ನಮ್ಮ ಅಡುಗೆಮನೆಗೆ ಹೊಸದಲ್ಲ, ಅಲ್ವಾ?

ಅಪ್ಪನಿಗೆ ಮಾತ್ರ ತಕ್ಷಣ ಕೊಡಲಿಲ್ಲ. ಕೆಲವು ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳ ಜೊತೆ ಚಕ್ಕೋತ ತಿಂದರೆ ರಕ್ತದಲ್ಲಿ ಮದ್ದಿನ ಪ್ರಮಾಣ ಏರಬಹುದು. ಕಿತ್ತಳೆಯ ಜೊತೆ ಬೆರೆತು ಹುಟ್ಟಿದ, ಚಕ್ಕೋತದ ಮಗು ಎನ್ನಬಹುದಾದ ಗ್ರೇಪ್‌ಫ್ರೂಟಿಗೂ ಇದೇ ಸಮಸ್ಯೆ ಇದೆ. ಮಾತ್ರೆ ಚೀಟಿ ಡಾಕ್ಟರಿಗೆ ತೋರಿಸಿ, ಅವರು ಸರಿ ಎಂದ ಮೇಲೆ ಬಟ್ಟಲು ಅಪ್ಪನ ಕೈಗೆ ಹೋಯಿತು.

ಈಗ ನಡೆಯುತ್ತಿರುವುದು

ಸಿಪ್ಪೆ ಬಿಸಾಡಿಲ್ಲ. ಮೇಲಿನ ಹಳದಿ ಪದರ ಹೆರೆದು, ಬಿಳಿ ಭಾಗವನ್ನು ಬೆರಳಿನಷ್ಟು ಉದ್ದ ಹೆಚ್ಚಿ, ನೀರು ಬದಲಿಸುತ್ತಾ ಕುದಿಸಿ ಹಿಂಡಿದೆ. ಮೊದಲ ನೀರು ಬಾಯಿಗಿಡಲಾಗದಷ್ಟು ಕಹಿ. ಕಹಿ ಹೋದ ಮೇಲೆ ಸಮತೂಕ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಪಾಕ ಇಂಗಿಸಿ ಒಣಗಲು ಹರವಿದ್ದೇನೆ. ಇನ್ನೂ ಅಂಟಂಟು.

ಬೀಜಗಳನ್ನು ಕುಂಡಕ್ಕೆ ಹಾಕು ಎಂದು ಮಗಳ ಒತ್ತಾಯ. ಹಾಕಿದ್ದೇವೆ, ಅವಳ ಖುಷಿಗೆ. ಆದರೆ ಬೀಜದ ಗಿಡ ತಾಯಿಮರದ ರುಚಿಯನ್ನೇ ಕೊಡುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಪರಿಚಯದ ತೋಟದವರಿಗೆ ಗೂಟಿ ಕಟ್ಟಿದ (ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿದ) ಒಂದು ಗಿಡ ಹೇಳಿಟ್ಟಿದ್ದೇನೆ. ಬೇರು ಬಂದ ಕೂಡಲೇ ಫೋನ್ ಮಾಡುತ್ತಾರಂತೆ.