ಗಂಟು ಕರಗಿದ ಮೇಲಿನ ದಾರಿ

ಮುಂಬೈ ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಸುತ್ತ ಬೆಳಗಿನ ಹೊತ್ತು ಓಡಾಡಿದವರಿಗೆ ಗೊತ್ತು, ಅಲ್ಲಿ ಕನ್ನಡ ಕಿವಿಗೆ ಬೀಳದ ದಿನವಿಲ್ಲ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯಿಂದ ರಾತ್ರಿ ರೈಲು ಹತ್ತಿ ಬಂದವರು ಫೈಲನ್ನು ಎದೆಗವಚಿಕೊಂಡು ನಿಂತಿರುತ್ತಾರೆ. 1941ರಲ್ಲಿ ಶುರುವಾದ ಆಸ್ಪತ್ರೆ ಇದು. ಊರಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂದಕೂಡಲೇ ‘ಮುಂಬೈಗೆ ಕರ್ಕೊಂಡು ಹೋಗ್ರಿ’ ಎಂಬ ಮಾತು ಬರುವುದು ಇದರಿಂದಲೇ. ಬ್ಯಾಂಕಿನ ಕೆಲಸ ಮುಗಿದ ಮೇಲೆ, ಮಾಟುಂಗಾದ ನಮ್ಮ ಕೆಲವು ಹೆಂಗಸರ ಜೊತೆ ಸೇರಿ, ಸ್ತನ ಕ್ಯಾನ್ಸರ್‌ನ ಚಿಕಿತ್ಸೆಗೆ ಬಂದ ಕನ್ನಡದ ಹೆಣ್ಣುಮಕ್ಕಳ ಓಡಾಟದಲ್ಲಿ ನಾನೂ ಜೊತೆಗಿರುತ್ತೇನೆ.

‘ಅಲ್ಲಿ ಹೋಗಿ ಧೈರ್ಯ ಹೇಳ್ತೀರಾ?’ ಎಂದು ಪರಿಚಯದವರು ಕೇಳುತ್ತಾರೆ. ಆಡು ಮಾರಿ, ಮಕ್ಕಳನ್ನು ಓರಗಿತ್ತಿಯ ಹತ್ತಿರ ಬಿಟ್ಟು, ಕಂಡು ಕೇಳದ ಊರಿಗೆ ಬಂದವಳ ಹತ್ತಿರ ಧೈರ್ಯ ನನಗಿಂತ ಹೆಚ್ಚೇ ಇದೆ. ಅವಳಿಗೆ ಬೇಕಿರುವುದು ಚಿಕಿತ್ಸೆ ಪೂರ್ತಿ ಮುಗಿಯುವವರೆಗೂ ಬಿಡದೆ ಬೆನ್ನಿಗೆ ನಿಲ್ಲುವ ಒಬ್ಬರು. ಇಷ್ಟು ದಿನ ನೋಡಿದ್ದರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಅರ್ಧಕ್ಕೇ ಊರಿನ ರೈಲು ಹತ್ತುವುದು.

ಸಿಂದಗಿ ಕಡೆಯ ಒಬ್ಬ ತಂಗಿಯ ಮಾತು ಹೇಳುತ್ತೇನೆ. ಗಂಟು ದೊಡ್ಡದಿದ್ದಾಗ ಆಪರೇಷನ್‌ಗೂ ಮುಂಚೆಯೇ ಕಿಮೋ ಕೊಟ್ಟು ಅದನ್ನು ಕುಗ್ಗಿಸುವುದುಂಟು. ಅವಳಿಗೂ ಹಾಗೇ ಮಾಡಿದ್ದರು, ಇಪ್ಪತ್ತೊಂದು ದಿನಕ್ಕೊಮ್ಮೆ. ಮೂರನೆಯದು ಆದ ಮೇಲೆ ಒಂದು ಬೆಳಿಗ್ಗೆ ಮುಖವೆಲ್ಲ ಅರಳಿಸಿಕೊಂಡು ಬಂದಳು. ‘ಗಂಟು ಕರಗೇತ್ರಿ ಅಕ್ಕಾರ, ಕೈಗಿ ಹತ್ತವಲ್ದು. ಇನ್ಯಾಕ್ರಿ ಆ ಕೆಂಪ ಸಲಾಯಿನ? ಹೊಲದಾಗ ತೊಗರಿ ಕೊಯ್ಲಿಗಿ ಬಂದೈತಿ, ನಾ ಹೋಗ್ತೀನ್ರಿ.’

ಕೆಂಪು ಸಲಾಯಿನ್ ಎಂದರೆ ಡಾಕ್ಸೊರುಬಿಸಿನ್ ಎಂಬ ಕಿಮೋ ಔಷಧ. ಬಣ್ಣವೇ ಕೆಂಪು, ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಮೊದಲೇ ಹೇಳಿರದಿದ್ದರೆ ರಕ್ತವೆಂದು ಹೆದರುತ್ತಾರೆ. ಕೂದಲು ಉದುರುತ್ತದೆ, ಬಾಯಲ್ಲಿ ಹುಣ್ಣಾಗಿ ಜೋಳದ ರೊಟ್ಟಿ ಮುರಿದು ಬಾಯಿಗಿಡಲು ಆಗುವುದಿಲ್ಲ. ಇದನ್ನೆಲ್ಲ ಅನುಭವಿಸಿದವಳಿಗೆ, ಗಂಟು ಕೈಗೆ ಸಿಗುತ್ತಿಲ್ಲ ಎಂದಾಗ ಇನ್ನು ಸಾಕು ಅನ್ನಿಸುವುದು ಸಹಜ. ಬೆರಳಿಗೆ ಸಿಗದಷ್ಟು ಸಣ್ಣ ಕಣಗಳು ಉಳಿದಿರುತ್ತವೆ, ಅಲ್ಲಿಗೇ ಬಿಟ್ಟರೆ ಮತ್ತೆ ಬೆಳೆಯುತ್ತವೆ ಎಂಬುದನ್ನು ಹೇಳಬೇಕಾದವರು ಡಾಕ್ಟರು. ಅವರ ಮುಂದೆ ಕೂರಿಸಿ, ಅವರು ಹಿಂದಿಯಲ್ಲಿ ಹೇಳಿದ್ದನ್ನು ಅವಳಿಗೆ ತಿಳಿಯುವ ಹಾಗೆ ಮತ್ತೊಮ್ಮೆ ಹೇಳುವುದಷ್ಟೇ ನನ್ನ ಪಾಲಿನ ಕೆಲಸ.

ಅವಳು ಒಪ್ಪಿದಳು. ಗಂಡ ಒಪ್ಪಲಿಲ್ಲ.

ಈ ಗಂಡಂದಿರ ಬಗ್ಗೆ ಯಾರೂ ಬರೆಯುವುದಿಲ್ಲ. ಕೈಯಲ್ಲಿ ರಸೀದಿಗಳ ಪ್ಲಾಸ್ಟಿಕ್ ಚೀಲ ಹಿಡಿದು ಕಟ್ಟೆಯ ಮೇಲೆ ದಿನವಿಡೀ ಕೂತಿರುತ್ತಾರೆ, ನಮ್ಮಂಥ ಹೆಂಗಸರ ಹತ್ತಿರ ಬಾಯಿ ಬಿಡುವುದಿಲ್ಲ. ನಮ್ಮ ಗುಂಪಿನಲ್ಲಿ ಹೋಟೆಲಿನ ಮ್ಯಾನೇಜರಾಗಿ ನಿವೃತ್ತರಾದ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ಅವರು ಆತನನ್ನು ಚಹಾಕ್ಕೆ ಕರೆದುಕೊಂಡು ಹೋದರು. ಬಂದು ಹೇಳಿದ್ದು ಇಷ್ಟು: ತೊಗರಿ ಒಂದು ನೆಪ. ಕೋಣೆಯ ಬಾಡಿಗೆ ಏರುತ್ತಿದೆ, ಕೈಗಡ ಕೊಟ್ಟವರು ಫೋನ್ ಮಾಡುತ್ತಿದ್ದಾರೆ, ಸಣ್ಣ ಮಗು ರಾತ್ರಿಯೆಲ್ಲ ಅಳುತ್ತದಂತೆ.

ಅದು ಗೊತ್ತಾದ ಮೇಲೆ ದಾರಿ ಹುಡುಕಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೂ ಇದೆ. ಉಳಿದ ಕಿಮೋ ಅಲ್ಲೇ ತೆಗೆದುಕೊಂಡು ಆಪರೇಷನ್‌ಗೆ ಇಲ್ಲಿಗೆ ಬರಬಹುದೇ ಎಂದು ಡಾಕ್ಟರನ್ನು ಕೇಳಿದೆವು. ಅವರು ಔಷಧ, ಪ್ರಮಾಣ, ತಾರೀಖು ಎಲ್ಲ ನಮೂದಿಸಿ ಪತ್ರ ಬರೆದುಕೊಟ್ಟರು. ಎಲ್ಲರಿಗೂ ಹೀಗೆ ಆಗುವುದಿಲ್ಲ, ಅದನ್ನು ಡಾಕ್ಟರೇ ತೀರ್ಮಾನಿಸಬೇಕು. ಆದರೆ ಕೇಳಬಹುದು ಎಂಬುದೇ ಎಷ್ಟೋ ಜನಕ್ಕೆ ತಿಳಿದಿಲ್ಲ. ರೈಲಿನ ರಿಯಾಯಿತಿಯೂ ಹಾಗೆಯೇ. ಕ್ಯಾನ್ಸರ್ ಚಿಕಿತ್ಸೆಗೆ ಹೋಗಿಬರುವವರಿಗೆ ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ ಮೂಲ ದರ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ ಶೇಕಡಾ 75. ಆಸ್ಪತ್ರೆಯಲ್ಲಿ ಫಾರ್ಮಿಗೆ ಸಹಿ, ಮೊಹರು ಹಾಕಿಸಿಕೊಂಡರೆ ಆಯಿತು. ಇದು ಗೊತ್ತಿಲ್ಲದೆ ಪೂರ್ತಿ ದುಡ್ಡು ಕೊಟ್ಟು, ಜನರಲ್ ಡಬ್ಬಿಯಲ್ಲಿ ನಿಂತು ಬಂದವರನ್ನು ಕಂಡರೆ ಕರುಳು ಹಿಂಡಿದಂತಾಗುತ್ತದೆ.

ಅವಳು ಊರಿಗೆ ಹೊರಟಾಗ ಕೈಗೆ ಒಂದು ಥರ್ಮಾಮೀಟರ್ ಕೊಟ್ಟೆ. ಕಿಮೋ ಆದವರಲ್ಲಿ ಬಿಳಿ ರಕ್ತಕಣ ಇಳಿದಿರುತ್ತದೆ. ಜ್ವರ 100.4 ಮುಟ್ಟಿದರೆ ಮನೆಮದ್ದು ಮಾಡುತ್ತ ಬೆಳಗಾಗುವವರೆಗೆ ಕಾಯುವಂತಿಲ್ಲ, ಆಗಿಂದಾಗಲೇ ಆಸ್ಪತ್ರೆಗೆ ಓಡಬೇಕು. ಆ ಅಂಕಿಯನ್ನು ಗಂಡನ ಬಾಯಲ್ಲೂ ಹೇಳಿಸಿದೆ.

ಆಮೇಲೆ ಆಪರೇಷನ್‌ಗೆ ಬಂದಳು. ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ ನೀರು ಹೊರಬರಲು ಒಂದು ನಳಿಕೆ, ಅದರ ತುದಿಗೊಂದು ಡಬ್ಬಿ ಇರುತ್ತದೆ. ಅದರೊಂದಿಗೇ ವಾರ್ಡಿನಿಂದ ಕಳಿಸುತ್ತಾರೆ. ದಾದರ್‌ನ ಗಾಡಗೇ ಮಹಾರಾಜ ಧರ್ಮಶಾಲೆಗೆ ಹೋದರೆ ಇಂಥ ಡಬ್ಬಿ ಕೈಯಲ್ಲಿ ಹಿಡಿದೇ ಬಟ್ಟೆ ಒಣಗಿಸುವವರು ಕಾಣುತ್ತಾರೆ. ಕೈಯಲ್ಲಿ ಹಿಡಿದರೆ ನಾಚಿಕೆ, ಸೊಂಟಕ್ಕೆ ಸಿಕ್ಕಿಸಿದರೆ ನಳಿಕೆ ಎಳೆಯುತ್ತದೆ. ಅದಕ್ಕೆಂದೇ ನಾವು ಹಳೆಯ ಕಾಟನ್ ಸೀರೆಯಲ್ಲಿ ಚೀಲ ಹೊಲಿಯುತ್ತೇವೆ. ಹೆಗಲಿಂದ ಇಳಿಬಿಟ್ಟರೆ ಸೆರಗಿನಡಿ ಮುಚ್ಚಿಹೋಗುತ್ತದೆ. ಪಟ್ಟಿ ಅಗಲವಾಗಿರಬೇಕು, ಸಪೂರವಾದರೆ ಹೆಗಲು ಕೊರೆಯುತ್ತದೆ. ಒಳಗೊಂದು ಸಣ್ಣ ಜೇಬು, ದಿನಕ್ಕೆ ಎಷ್ಟು ಮಿಲಿ ಬಂತೆಂದು ಬರೆದಿಡುವ ಚೀಟಿಗೆ. ಅವಳು ಓದಿದವಳಲ್ಲ. ಅಂಕಿ ಬರೆಯಲು ಮಾತ್ರ ನರ್ಸಮ್ಮನ ಹತ್ತಿರ ಕಲಿತು, ಪ್ರತಿದಿನ ಸಂಜೆ ನನಗೆ ಫೋನ್ ಮಾಡಿ ಓದಿ ಹೇಳುತ್ತಿದ್ದಳು.

ಗ್ರಂಥಿ ತೆಗೆದ ಕಡೆಯ ಕೈ ಮುಂದೆಯೂ ಜೋಪಾನ. ಆ ಕೈಗೆ ಸೂಜಿ, ಬಿಪಿ ಪಟ್ಟಿ ಬೇಡವೆಂದು ನಮಗೆ ಕಲಿಸಿದ್ದಾರೆ. ಹೊಲದಲ್ಲಿ ಮುಳ್ಳು, ಕುಡುಗೋಲಿನ ಗಾಯ ಆಗದಂತೆ ನೋಡಿಕೊಳ್ಳಬೇಕು. ಬಳೆ ಬಿಗಿಯಾಗತೊಡಗಿದರೆ ಬಾವು ಬರುತ್ತಿದೆ ಎಂದೇ ತಿಳಿದು ತೋರಿಸಬೇಕು. ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದರೆ ಐದು ವರ್ಷ, ಕೆಲವರಿಗೆ ಹತ್ತು ವರ್ಷ ದಿನಾ ನುಂಗಬೇಕು. ಮೈಯಲ್ಲಿ ಯಾವ ನೋವೂ ಇಲ್ಲದಾಗ ಮಾತ್ರೆ ಬಿಟ್ಟುಬಿಡುವವರು ಬಹಳ. ಆದ್ದರಿಂದ ಊರಿಗೆ ಹೋದವರಿಗೂ ತಿಂಗಳಿಗೊಮ್ಮೆ ನಾವು ಫೋನ್ ಮಾಡುತ್ತಲೇ ಇರುತ್ತೇವೆ.

ಬೇಗ ಬಂದಿದ್ದರೆ ಎಂಬ ಸಂಕಟ ಮಾತ್ರ ಹೋಗುವುದಿಲ್ಲ. ಇದೇ ಮುಂಬೈಯ ಬಡಾವಣೆಗಳಲ್ಲಿ 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನಿಟ್ಟುಕೊಂಡು ಟಾಟಾದವರು ಒಂದು ಅಧ್ಯಯನ ನಡೆಸಿದರು. ಅರ್ಧದಷ್ಟು ಜನರ ಎದೆಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಹತ್ತಿರ ಹತ್ತಿರ ಶೇಕಡಾ 30ರಷ್ಟು ಕಡಿಮೆಯಾಗಿತ್ತೆಂದು 2021ರಲ್ಲಿ ಪ್ರಕಟಿಸಿದರು. ಮೆಷಿನ್ ಇಲ್ಲ, ಬರೀ ಕಲಿತ ಕೈ! ನಮ್ಮ ಅರಿಶಿನ ಕುಂಕುಮದ ಕೂಟಗಳಲ್ಲಿ ನಾನು ಇದನ್ನು ಹೇಳದೆ ಎದ್ದು ಬರುವುದಿಲ್ಲ, ಕೆಲವರಿಗೆ ಇರಿಸುಮುರಿಸಾದರೂ ಸರಿ.

ನಮ್ಮ ಜೊತೆ ಬರಬೇಕೆಂದಿರುವವರಿಗೆ ಎರಡು ಮಾತು. ಒಂದು ದಿನ ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವವರು ದಯವಿಟ್ಟು ಬೇಡ. ವಾರದಲ್ಲಿ ಒಂದೇ ಬೆಳಿಗ್ಗೆ ಕೊಡಿ, ಆದರೆ ವರ್ಷವಿಡೀ ಪ್ರತಿ ವಾರ ಅದೇ ದಿನ ಕೊಡಿ. ಆ ದಿನ ನೀವು ಇರುತ್ತೀರೆಂದು ನಂಬಿ ಅವರು ಬಂದಿರುತ್ತಾರೆ. ಗಂಡಸರು ನಮ್ಮಲ್ಲಿ ತೀರಾ ಕಡಿಮೆ, ಅವರು ಬೇಕೇ ಬೇಕು. ಎಂಟು ಗಂಟೆಯೊಳಗೆ ಪರೇಲ್ ತಲುಪುವ ಹಾಗೆ ಹೊರಡಿ, ರಕ್ತಪರೀಕ್ಷೆಯ ಸಾಲು ಅಷ್ಟೊತ್ತಿಗೆ ಬೆಳೆದಿರುತ್ತದೆ.